ಮಳೆಗಾಲದ ಸಿದ್ಧತೆ: ಮೇ 31 ನಮ್ಮ ಕರಾವಳಿಯ ಎರಡನೆಯ ಮಾರ್ಚ್ 31

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಪ್ರತಿಯೊಬ್ಬ ಗೃಹಸ್ಥನೂ ಮನೆ ಬೆಚ್ಚಗಿಡುವ ಯಂತ್ರವನ್ನು ಪರೀಕ್ಷಿಸುತ್ತಾನೆ, ಕೊಳವೆಗಳಲ್ಲಿನ ನೀರು ಹೆಪ್ಪುಗಟ್ಟಿ ಒಡೆಯದಂತೆ ವ್ಯವಸ್ಥೆ ಮಾಡುತ್ತಾನೆ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಚಳಿಯ ಭಯವಿಲ್ಲ. ಇಲ್ಲಿ ಕಟ್ಟಡಕ್ಕೂ ಕೊಳವೆಗೂ ವಿದ್ಯುತ್ ತಂತಿಗೂ ಪರೀಕ್ಷೆಯ ಕಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಈ ಅವಧಿಯಲ್ಲಿಯೇ ಬರುತ್ತದೆ.

ನಮ್ಮ ಹಿರಿಯರು ಈ ಸಿದ್ಧತೆಯನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. ಹೆಂಚು ಕೈಯಾಡಿಸುವುದು, ಪಡಸಾಲೆಗೆ ಮಡಲಿನ ತಟ್ಟಿ ಕಟ್ಟುವುದು, ಬಚ್ಚಲೊಲೆಗೆ ಬೇಕಾದ ಕಟ್ಟಿಗೆಯನ್ನು ಒಣಗಿಸಿ ಪೇರಿಸುವುದು ಇವೆಲ್ಲ ಮೇ ತಿಂಗಳ ಕೆಲಸಗಳೇ. ಆದರೆ ವ್ಯಾಪಾರಸ್ಥನ ಸಿದ್ಧತೆ ಮಾಡಿನ ಮೇಲೆ ಮುಗಿಯುವುದಿಲ್ಲ. ನೀರು ನುಗ್ಗಿ ಹಾಳಾದ ಮಾಲಿನ ಬೆಲೆ ಒಂದು ನಷ್ಟವಾದರೆ, ವಿಮೆಯ ಪರಿಹಾರದಲ್ಲಿ ಆಗುವ ಕಡಿತ ಎರಡನೆಯದು, ಹಿಂದಿರುಗಿಸಬೇಕಾದ ಜಿ.ಎಸ್.ಟಿ. ಜಮೆ ಮೂರನೆಯದು. ಮೊದಲನೆಯದನ್ನು ಗಾರೆಯವನೂ ಎಲೆಕ್ಟ್ರಿಷಿಯನ್ನನೂ ತಡೆಯಬಲ್ಲರು. ಉಳಿದೆರಡನ್ನು ತಡೆಯುವುದು ಮಳೆಗೆ ಮುನ್ನ ಬರೆದಿಟ್ಟ ಲೆಕ್ಕ ಮಾತ್ರ. ಆದುದರಿಂದ ಮೇ 31ನ್ನು ನಾವು ಎರಡನೆಯ ಮಾರ್ಚ್ 31 ಎಂದು ಭಾವಿಸಿ, ಅಂದು ದಾಸ್ತಾನನ್ನೂ ಕಟ್ಟಡವನ್ನೂ ವಿಮೆಯನ್ನೂ ಒಟ್ಟಿಗೆ ತಾಳೆ ನೋಡಬೇಕೆಂಬುದೇ ಈ ಲೇಖನದ ಸಾರಾಂಶ.

ಮೂರು ಊರು, ಮೂರು ಬಗೆಯ ನೀರು

ಸಿದ್ಧತೆಯ ಮೊದಲ ಹೆಜ್ಜೆ ನಮ್ಮ ಮಳಿಗೆಗೆ ನೀರು ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ತಿಳಿಯುವುದು. ಈ ವಿಷಯದಲ್ಲಿ ನಮ್ಮ ಮೂರು ತಾಲೂಕುಗಳ ಪರಿಸ್ಥಿತಿ ಒಂದೇ ಆಗಿಲ್ಲ.

ಭಟ್ಕಳದಲ್ಲಿ ಘಟ್ಟಕ್ಕೂ ಕಡಲಿಗೂ ಅಂತರ ಕಡಿಮೆ. ಹೊಳೆ ಹಳ್ಳಗಳು ಗಿಡ್ಡ. ಘಟ್ಟದ ಬದಿಯಲ್ಲಿ ಸುರಿದ ಮಳೆ ಕೆಲವೇ ತಾಸುಗಳಲ್ಲಿ ಊರೊಳಗೆ ಇಳಿಯುತ್ತದೆ. 2022ರ ಆಗಸ್ಟ್ 1 ಮತ್ತು 2ರ ನಡುವಿನ ರಾತ್ರಿ ಅಲ್ಲಿ 24 ಗಂಟೆಗಳಲ್ಲಿ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮೃತಪಟ್ಟರು. ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು. ಇಂತಹ ನೀರಿಗೆ ಮುನ್ಸೂಚನೆಯ ಸಮಯ ಬಹಳ ಕಡಿಮೆ. ನೀರು ಬಂದ ಮೇಲೆ ಮಾಲು ಮೇಲೆತ್ತುವೆನೆಂಬ ಲೆಕ್ಕಾಚಾರ ಇಲ್ಲಿ ನಡೆಯದು. ಕೆಳ ಅಂತಸ್ತಿನ ಮಾಲು ಜೂನ್ ಒಂದರಂದೇ ಎತ್ತರದಲ್ಲಿರಬೇಕು.

ಹೊನ್ನಾವರದ ಪ್ರಶ್ನೆ ಬೇರೆ. ಶರಾವತಿಗೆ ಮೇಲ್ಗಡೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೂ, ಅದರ ಕೆಳಗೆ ಗೇರುಸೊಪ್ಪೆಯ ಅಣೆಕಟ್ಟೂ ಇವೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಜಲಾಶಯ ಈ ಮಟ್ಟವನ್ನು ಸಮೀಪಿಸುವುದು ಸಾಮಾನ್ಯವಾಗಿ ಮಳೆಗಾಲದ ಉತ್ತರಾರ್ಧದಲ್ಲಿ. ಆದುದರಿಂದ ಜುಲೈ ಕಳೆದೊಡನೆ ಅಪಾಯ ಕಳೆಯಿತೆಂದು ನದಿದಂಡೆಯ ವರ್ತಕರು ನಿಶ್ಚಿಂತರಾಗುವಂತಿಲ್ಲ. ನೀರು ಬಿಡುವ ಮೊದಲು ಪ್ರಕಟಣೆ ಹೊರಡುವುದರಿಂದ ಇಲ್ಲಿ ಕೆಲವು ತಾಸುಗಳ ಅವಕಾಶವಿರುತ್ತದೆ. ಆ ಅವಕಾಶದಲ್ಲಿ ಯಾವ ಮಾಲನ್ನು, ಯಾರು, ಯಾವ ವಾಹನದಲ್ಲಿ, ಎಲ್ಲಿಗೆ ಸಾಗಿಸಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಗುಂಡಬಾಳಾ ಹೊಳೆಯ ಪ್ರದೇಶಕ್ಕೆ ಅಣೆಕಟ್ಟೆಯ ಈ ಮುನ್ಸೂಚನೆ ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡತಕ್ಕದ್ದು.

ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟೆಯೇ ಇಲ್ಲ. ಘಟ್ಟದ ಮೇಲಿನ ಮಳೆಗೆ ತಕ್ಕಂತೆ ನದಿ ಏರುತ್ತದೆ, ಇಳಿಯುತ್ತದೆ. ಅದೇ ಹೊತ್ತಿಗೆ ಕಡಲಿನಲ್ಲಿ ಭರತವಿದ್ದರೆ ನೀರು ಸಮುದ್ರಕ್ಕೆ ಸೇರದೆ ತಗ್ಗು ಪ್ರದೇಶದಲ್ಲಿ ನಿಲ್ಲುತ್ತದೆ. ಹೀಗಾಗಿ ಅಳಿವೆಯ ಸಮೀಪದ ಗೋದಾಮುಗಳವರು ಮಳೆಯ ಜೊತೆಗೆ ಅಮಾವಾಸ್ಯೆ, ಹುಣ್ಣಿಮೆಗಳ ಮೇಲೂ ಕಣ್ಣಿಡಬೇಕು.

ಮಾಡು, ಗಟಾರ, ಕೊಳವೆ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಮಾಡು ಸುಮಾರು 93 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆಯಾದರೆ ಆ ಮಾಡಿನಿಂದ 9,300 ಲೀಟರ್ ನೀರು ಇಳಿಯುತ್ತದೆ. ಭಟ್ಕಳದಲ್ಲಿ ಆದಂತೆ 500 ಮಿಲಿಮೀಟರ್ ಆದರೆ 46,500 ಲೀಟರ್. ಇಷ್ಟು ನೀರಿಗೆ ದಾರಿ ಒಂದೇ ಒಂದು ಸಣ್ಣ ಕೊಳವೆಯಾಗಿದ್ದು, ಅದರ ಬಾಯಲ್ಲಿ ಒಣ ಎಲೆಯೂ ಪ್ಲಾಸ್ಟಿಕ್ಕೂ ಸಿಕ್ಕಿಕೊಂಡಿದ್ದರೆ ನೀರು ಗೋಡೆಯನ್ನೇ ದಾರಿ ಮಾಡಿಕೊಳ್ಳುತ್ತದೆ. ಆದುದರಿಂದ ಕೆಳಗಿನ ಕೆಲಸಗಳು ಏಪ್ರಿಲ್ ಮಧ್ಯದಿಂದ ಮೇ ಮೂರನೆಯ ವಾರದೊಳಗೆ ಮುಗಿಯಬೇಕು.

1. ಹೆಂಚಿನ ಮಾಡಿನಲ್ಲಿ ಒಡೆದ, ಜರುಗಿದ ಹೆಂಚುಗಳನ್ನು ಬದಲಿಸುವುದು. ಮಾಡಿನ ನೆತ್ತಿಯ ಗಾರೆ ಬಿರಿದಿದ್ದರೆ ಸರಿಪಡಿಸುವುದು. ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುವುದು.

2. ಶೀಟಿನ ಮಾಡಿನಲ್ಲಿ ಬೋಲ್ಟು ಮತ್ತು ವಾಷರುಗಳನ್ನು ಪರೀಕ್ಷಿಸುವುದು. ಕಡಲ ಗಾಳಿಯ ಉಪ್ಪಿಗೆ ಮೊದಲು ತುಕ್ಕು ಹಿಡಿಯುವುದು ಇವುಗಳೇ. ಒಂದು ಬೋಲ್ಟು ಸಡಿಲವಾದರೆ ಗಾಳಿಗೆ ಇಡೀ ಶೀಟು ಏಳುತ್ತದೆ.

3. ತಾರಸಿಯಾದರೆ ನೀರು ಹೊರಹೋಗುವ ರಂಧ್ರಗಳನ್ನು ಶುಚಿಗೊಳಿಸಿ, ಬಕೆಟ್‌ನಿಂದ ನೀರು ಸುರಿದು ಹರಿವನ್ನು ಪರೀಕ್ಷಿಸುವುದು. ಮಳೆ ಬೀಸಿ ಬರುವ ಪಶ್ಚಿಮ ಮತ್ತು ನೈಋತ್ಯದ ಗೋಡೆಗಳ ಬಿರುಕುಗಳನ್ನು ಮುಚ್ಚಿಸುವುದು.

4. ಅಂಗಡಿಯ ಎದುರಿನ ಗಟಾರದ ಹೂಳು ತೆಗೆಸುವುದು. ರಸ್ತೆ ಎತ್ತರಿಸಿದ ಕಡೆಗಳಲ್ಲಿ ಅಂಗಡಿಯ ನೆಲ ರಸ್ತೆಗಿಂತ ತಗ್ಗಾಗಿರುತ್ತದೆ. ಅಲ್ಲಿ ಬಾಗಿಲಿಗೆ ಅಡ್ಡಗಟ್ಟೆ ಅಥವಾ ತೆಗೆದು ಹಾಕಬಲ್ಲ ಹಲಗೆಯ ವ್ಯವಸ್ಥೆ ಬೇಕು. ಸಾರ್ವಜನಿಕ ಗಟಾರದ ಬಗ್ಗೆ ಸ್ಥಳೀಯ ಸಂಸ್ಥೆಗೆ ಒಬ್ಬೊಬ್ಬರೇ ಹೇಳುವುದಕ್ಕಿಂತ ಆ ಬೀದಿಯ ವರ್ತಕರೆಲ್ಲ ಸೇರಿ ಏಪ್ರಿಲ್‌ನಲ್ಲಿಯೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಮೇಲು.

5. ಶೌಚದ ಗುಂಡಿ ತುಂಬಿದ್ದರೆ ಮಳೆಗೆ ಮುನ್ನವೇ ತೆಗೆಸುವುದು. ಅಂತರ್ಜಲ ಮೇಲೇರಿದ ಬಳಿಕ ಗುಂಡಿಯ ನೀರು ಹಿಮ್ಮುಖವಾಗಿ ಬಚ್ಚಲಿಗೆ ಬರುತ್ತದೆ. ನೆಲದ ಮಟ್ಟದ ಹೊರಕೊಳವೆಗೆ ಒಮ್ಮುಖ ವಾಲ್ವ್ ಹಾಕಿಸುವುದು ಉತ್ತಮ.

6. ನೆಲದಡಿಯ ನೀರಿನ ತೊಟ್ಟಿಯ ಮುಚ್ಚಳವನ್ನು ನೆಲಕ್ಕಿಂತ ಎತ್ತರಿಸುವುದು. ಬಾವಿಗೆ ನೆರೆ ನೀರು ಸೇರಿದರೆ ಸೋಂಕು ನಿವಾರಣೆ ಮಾಡದೆ ಬಳಸಕೂಡದು. ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಬೆರೆಸಿ, ಕನಿಷ್ಠ ಒಂದು ಗಂಟೆ ಬಿಡುವುದು ವಾಡಿಕೆಯ ಪ್ರಮಾಣ. ನೀರು ಬಹಳ ಕೆಸರಾಗಿದ್ದರೆ ಈ ಪ್ರಮಾಣ ಸಾಲದು. ಆಗ ಆರೋಗ್ಯ ಇಲಾಖೆಯವರ ಸಲಹೆಯಂತೆ ನಡೆಯಬೇಕು.

ವಿದ್ಯುತ್ತು, ಬಿಸಿ ಮತ್ತು ದಾಸ್ತಾನು

ಮೀಟರ್ ಬೋರ್ಡು, ಮೇನ್ ಸ್ವಿಚ್ಚು ಮತ್ತು ಪಂಪಿನ ಸ್ಟಾರ್ಟರುಗಳು ಹಿಂದಿನ ನೆರೆಯ ಗುರುತಿಗಿಂತ ಮೇಲೆ ಇರಬೇಕು. ಮೀಟರಿನ ಸ್ಥಳ ಬದಲಿಸಲು ಹೆಸ್ಕಾಂಗೆ ಅರ್ಜಿ ಸಲ್ಲಿಸತಕ್ಕದ್ದು. ಭೂಸಂಪರ್ಕದ ಗುಂಡಿಯನ್ನು ಪರೀಕ್ಷಿಸಿ, 30 ಮಿಲಿ ಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿಯುವ ಸುರಕ್ಷಾ ಸ್ವಿಚ್ಚನ್ನು ಅಳವಡಿಸಿದರೆ ಜೀವಹಾನಿಯ ಅಪಾಯ ಬಹಳ ತಗ್ಗುತ್ತದೆ. ಮನೆಯ ಗೀಜರಿಗೂ ಇದೇ ರಕ್ಷಣೆ ಬೇಕು. ಮುಂಗಾರಿಗೆ ಮುನ್ನ ಬರುವ ಗುಡುಗು ಸಿಡಿಲಿನ ದಿನಗಳಲ್ಲಿ ಕಂಪ್ಯೂಟರ್, ತೂಕದ ಯಂತ್ರ, ಇನ್ವರ್ಟರುಗಳ ಪ್ಲಗ್ಗುಗಳನ್ನು ಕಿತ್ತಿಡುವುದೇ ಕ್ಷೇಮ.

ಸಣ್ಣ ಕೈಗಾರಿಕೆಗಳಲ್ಲಿ ಬಿಸಿಯ ವ್ಯವಸ್ಥೆಗೂ ಗಮನ ಬೇಕು. ಗೇರುಬೀಜ ಕಾರ್ಖಾನೆಯ ಬಾಯ್ಲರಿಗೆ, ಕೊಬ್ಬರಿ ಒಣಗಿಸುವ ಭಟ್ಟಿಗೆ ಬೇಕಾದ ಉರುವಲು ನೆನೆದರೆ ಉರುವಲಿನ ಖರ್ಚು ಏರುತ್ತದೆ, ಮಾಲು ಸರಿಯಾಗಿ ಒಣಗದೆ ದರ ಇಳಿಯುತ್ತದೆ. ಹೊಗೆಕೊಳವೆಯನ್ನು ಶುಚಿಗೊಳಿಸಿ, ಮಳೆ ನೀರು ಒಳಗಿಳಿಯದಂತೆ ಟೋಪಿ ಹಾಕಿಸುವುದು ಮೇ ತಿಂಗಳಲ್ಲಿಯೇ ಆಗಬೇಕು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವಿರುವುದರಿಂದ ಮಂಜುಗಡ್ಡೆ ಕಾರ್ಖಾನೆಗಳ ಯಂತ್ರ ದುರಸ್ತಿಗೆ ಆ ಅವಧಿ ದೊರೆಯುತ್ತದೆ. ಆದರೆ ಅವರ ಕಟ್ಟಡದ ಕೆಲಸವೂ ಮೇ ಒಳಗೇ ಮುಗಿಯತಕ್ಕದ್ದು.

ದಾಸ್ತಾನನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಪೇರಿಸಬೇಕು. ಚಾಲಿ ಅಡಿಕೆ ತೇವ ಎಳೆದುಕೊಂಡು ಬೂಷ್ಟು ಹಿಡಿದರೆ ಕುಮಟಾ ಮಾರುಕಟ್ಟೆಯಲ್ಲಿ ಅದರ ದರ್ಜೆಯೇ ಬದಲಾಗುತ್ತದೆ. ಸಿಮೆಂಟು, ಗೊಬ್ಬರ, ಬಟ್ಟೆ, ಕಾಗದಗಳಿಗೂ ಇದೇ ನಿಯಮ.

ವಿಮೆ: ಮೊತ್ತ, ವಿಳಾಸ, ಕಾರಣ

2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆ ಎರಡು ನಿಗದಿತ ಪಾಲಿಸಿಗಳಿವೆ. ಒಂದು ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿ ಮೀರದಿದ್ದರೆ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ. ಅದಕ್ಕಿಂತ ಹೆಚ್ಚಾಗಿ 50 ಕೋಟಿಯ ವರೆಗೆ ಭಾರತ್ ಲಘು ಉದ್ಯಮ್ ಸುರಕ್ಷಾ. ಮನೆಗೆ ಭಾರತ್ ಗೃಹ ರಕ್ಷಾ. ಬೆಂಕಿಯಲ್ಲದೆ ಬಿರುಗಾಳಿ, ನೆರೆ, ಜಲಾವೃತ, ಭೂಕುಸಿತ, ನೀರಿನ ತೊಟ್ಟಿ ಮತ್ತು ಕೊಳವೆ ಒಡೆಯುವುದು ಇವೆಲ್ಲ ಈ ಪಾಲಿಸಿಗಳ ವ್ಯಾಪ್ತಿಯಲ್ಲಿವೆ. ಆದರೂ ಮೂರು ಅಂಶಗಳಲ್ಲಿ ವರ್ತಕರು ಎಡವುತ್ತಾರೆ.

ಮೊದಲನೆಯದು ಮೊತ್ತ. ಹಾರ್ಡ್‌ವೇರ್ ವರ್ತಕರೊಬ್ಬರ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತೆರಿಗೆ ಬಿಟ್ಟು ದಾಸ್ತಾನಿನ ಮೌಲ್ಯ 40 ಲಕ್ಷ ರೂಪಾಯಿ. ಕೆಲವು ವರ್ಷಗಳ ಹಿಂದೆ ಮಾಡಿಸಿದ ವಿಮೆಯನ್ನು ಹಾಗೆಯೇ ನವೀಕರಿಸುತ್ತ ಬಂದಿರುವುದರಿಂದ ವಿಮಾ ಮೊತ್ತ 24 ಲಕ್ಷ, ಅಂದರೆ ಶೇಕಡಾ 60 ಮಾತ್ರ. ನೆರೆಯಿಂದ 8 ಲಕ್ಷದ ಮಾಲು ನಾಶವಾಯಿತು. 24 ಲಕ್ಷದ ವಿಮೆ ಇರುವುದರಿಂದ 8 ಲಕ್ಷವೂ ಬರುತ್ತದೆಂದು ವರ್ತಕರು ಭಾವಿಸುತ್ತಾರೆ. ಸರಾಸರಿ ಷರತ್ತಿನ ಪ್ರಕಾರ ದೊರೆಯುವುದು 8 ಲಕ್ಷದ ಶೇಕಡಾ 60, ಅಂದರೆ 4.80 ಲಕ್ಷ. ಪಾಲಿಸಿಯಲ್ಲಿ ಹೇಳಿದ ಕಡ್ಡಾಯ ಕಡಿತ ಇದರಲ್ಲಿಯೂ ಕಳೆಯುತ್ತದೆ. ಮೇಲೆ ಹೇಳಿದ ಉದ್ಯಮ ಪಾಲಿಸಿಗಳಲ್ಲಿ ಶೇಕಡಾ 15ರ ವರೆಗಿನ ಕೊರತೆಗೆ ವಿನಾಯಿತಿ ಇದೆ. ಈ ವರ್ತಕರು 34 ಲಕ್ಷಕ್ಕೆ ವಿಮೆ ಮಾಡಿಸಿದ್ದರೂ ಸರಾಸರಿಯ ಕಡಿತ ಬರುತ್ತಿರಲಿಲ್ಲ.

ಎರಡನೆಯದು ವಿಳಾಸ. ಪಾಲಿಸಿಯಲ್ಲಿ ನಮೂದಿಸದ ಗೋದಾಮಿನಲ್ಲಿದ್ದ ಮಾಲಿಗೆ ಪರಿಹಾರವಿಲ್ಲ. ಬ್ಯಾಂಕಿನವರು ಸಾಲದ ಭದ್ರತೆಗಾಗಿ ಮಾಡಿಸಿದ ವಿಮೆಯಲ್ಲಿ ಯಾವ ವಿಳಾಸ, ಎಷ್ಟು ಮೊತ್ತವಿದೆ ಎಂಬುದನ್ನು ಎಷ್ಟೋ ವರ್ತಕರು ನೋಡಿಯೇ ಇರುವುದಿಲ್ಲ. ಮನೆಯ ಜಗುಲಿಯಲ್ಲಿಯೋ ಮಾಳಿಗೆಯಲ್ಲಿಯೋ ಇಟ್ಟ ವ್ಯಾಪಾರದ ಮಾಲಿಗೆ ಮನೆಯ ವಿಮೆ ಅನ್ವಯಿಸುವುದಿಲ್ಲ. ಅಂತಹ ಮಾಲಿದ್ದರೆ ಮನೆಯ ವಿಳಾಸವನ್ನೂ ವ್ಯಾಪಾರದ ಪಾಲಿಸಿಗೆ ಸೇರಿಸಬೇಕು.

ಮೂರನೆಯದು ಕಾರಣ. ನೆರೆ ನೀರು ನುಗ್ಗಿದ್ದು ಬೇರೆ, ಬಹುಕಾಲದಿಂದ ಬಿರುಕು ಬಿಟ್ಟ ಮಾಡಿನಿಂದ ಸೋರಿದ್ದು ಬೇರೆ. ಸವೆತ ಮತ್ತು ನಿಧಾನ ಸೋರಿಕೆಯಿಂದಾದ ಹಾನಿಯನ್ನು ವಿಮಾ ಸಂಸ್ಥೆ ಒಪ್ಪುವುದಿಲ್ಲ. ಮೇ ತಿಂಗಳಲ್ಲಿ ಮಾಡು ರಿಪೇರಿ ಮಾಡಿಸಿದ ಬಿಲ್ಲು ಮತ್ತು ಛಾಯಾಚಿತ್ರಗಳು ಇಂತಹ ಸಂದರ್ಭದಲ್ಲಿ ವರ್ತಕನ ಪರವಾಗಿ ಸಾಕ್ಷಿ ಹೇಳುತ್ತವೆ.

ಇನ್ನೊಂದು ಮಾತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದುದಲ್ಲದೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಲವು ದಿನ ಸಂಚಾರ ಸ್ಥಗಿತವಾಯಿತು. ಕಟ್ಟಡಕ್ಕೂ ದಾಸ್ತಾನಿಗೂ ಹಾನಿಯಾಗದೆ ಕೇವಲ ರಸ್ತೆ ಬಂದಾಗಿ ಆದ ವ್ಯಾಪಾರ ನಷ್ಟ ಸಾಮಾನ್ಯ ಪಾಲಿಸಿಯಲ್ಲಿ ಸೇರುವುದಿಲ್ಲ. ಮಳೆಗಾಲದಲ್ಲಿ ಅವಶ್ಯಕ ಕಚ್ಚಾ ಮಾಲಿನ ಸ್ವಲ್ಪ ಹೆಚ್ಚಿನ ದಾಸ್ತಾನು ಇರಿಸಿಕೊಳ್ಳುವುದೇ ಅದಕ್ಕೆ ಪರಿಹಾರ. ಹಾಗೆ ದಾಸ್ತಾನು ಹೆಚ್ಚಿಸಿದಾಗ ವಿಮಾ ಮೊತ್ತವನ್ನೂ ಹೆಚ್ಚಿಸಲು ಮರೆಯಬಾರದು.

ಜಿ.ಎಸ್.ಟಿ.: ಮರೆತುಹೋಗುವ ನಷ್ಟ

2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ಕಳೆದುಹೋದ, ಕಳವಾದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕುಗಳಿಗೆ ಇನ್‌ಪುಟ್ ತೆರಿಗೆ ಜಮೆ ಸಿಗುವುದಿಲ್ಲ. ಮೊದಲೇ ಪಡೆದಿದ್ದರೆ ಹಿಂದಿರುಗಿಸಬೇಕು. ಮೇಲಿನ ಉದಾಹರಣೆಯಲ್ಲಿ ನಾಶವಾದ 8 ಲಕ್ಷದ ಮಾಲಿಗೆ ಶೇಕಡಾ 18ರಂತೆ 1.44 ಲಕ್ಷ ರೂಪಾಯಿ ಜಮೆ ಹಿಂದಿರುಗಿಸಬೇಕಾಗುತ್ತದೆ. ವಿಮೆಯಿಂದ ಬಾರದ 3.20 ಲಕ್ಷಕ್ಕೆ ಇದನ್ನು ಕೂಡಿಸಿದರೆ ವರ್ತಕರ ಕೈಯಿಂದ ಹೋಗುವುದು 4.64 ಲಕ್ಷ ರೂಪಾಯಿ. ಇದಕ್ಕಾಗಿ ವಿಮಾ ಮೊತ್ತವನ್ನು ತೆರಿಗೆ ಸೇರಿಸಿ ನಿಗದಿಪಡಿಸುವ ಬಗ್ಗೆ ವಿಮಾ ಸಂಸ್ಥೆಯೊಡನೆ ಪಾಲಿಸಿ ಪಡೆಯುವಾಗಲೇ ಮಾತನಾಡಿ, ಅದನ್ನು ಲಿಖಿತವಾಗಿ ಪಡೆದುಕೊಳ್ಳಬೇಕು.

ನೆನೆದ ಮಾಲೆಲ್ಲವನ್ನೂ ನಾಶವಾಯಿತೆಂದು ಬರೆಯುವುದೂ ಸರಿಯಲ್ಲ. ಕಡಿಮೆ ದರಕ್ಕೆ ಮಾರಾಟವಾದ ಮಾಲಿಗೆ ಬಿಲ್ಲು ಮಾಡಿ ತೆರಿಗೆ ಸಲ್ಲಿಸಬೇಕು. ಪೂರ್ಣವಾಗಿ ನಾಶವಾದುದನ್ನು ಬೇರೆ ಪಟ್ಟಿಯಲ್ಲಿ ತೋರಿಸಬೇಕು. ನಾಶವಾದ ಸರಕಿನ ವಿವರವನ್ನು ದಾಸ್ತಾನು ಪುಸ್ತಕದಲ್ಲಿ ದಾಖಲಿಸುವುದು ನಿಯಮ 56ರ ಪ್ರಕಾರ ಕರ್ತವ್ಯವೂ ಹೌದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಜಮೆಯೇ ಇಲ್ಲದುದರಿಂದ ಹಿಂದಿರುಗಿಸುವ ಪ್ರಶ್ನೆಯಿಲ್ಲ. ಅವರು ಕೊಟ್ಟ ತೆರಿಗೆ ಮಾಲಿನ ಬೆಲೆಯಲ್ಲಿಯೇ ಸೇರಿರುತ್ತದೆ.

ರಿಪೇರಿ ಖರ್ಚಿನ ಲೆಕ್ಕ

ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತಂದ ವೆಚ್ಚ ಬಂಡವಾಳ ವೆಚ್ಚ. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಭೇದವನ್ನು ಸ್ಪಷ್ಟಪಡಿಸಿದೆ. 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದ್ದರೂ ತತ್ವ ಬದಲಾಗಿಲ್ಲ.

ಒಡೆದ ಹೆಂಚು ಬದಲಿಸಿದ್ದು, ಗಟಾರದ ಹೂಳು ತೆಗೆಸಿದ್ದು, ಪಂಪಿನ ಮೋಟಾರು ರಿಪೇರಿ ಮಾಡಿಸಿದ್ದು ಆಯಾ ವರ್ಷದ ಖರ್ಚು. ತಾರಸಿಯ ಮೇಲೆ ಹೊಸದಾಗಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸಿದ್ದು ಬಂಡವಾಳ ವೆಚ್ಚ. ಅದಕ್ಕೆ ಕಟ್ಟಡದಂತೆ ವರ್ಷಕ್ಕೆ ಶೇಕಡಾ 10 ಸವಕಳಿ. ಹೊಸ ಪಂಪಿಗೆ ಶೇಕಡಾ 15. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಆಸ್ತಿಗೆ ಅರ್ಧ ಸವಕಳಿ ಮಾತ್ರ. ಮೇ ತಿಂಗಳಲ್ಲಿ ಹಾಕಿಸಿದ ಪಂಪಿಗೆ ಪೂರ್ಣ ಸವಕಳಿ ದೊರೆಯುತ್ತದೆ, ನೆರೆ ಕಂಡ ಮೇಲೆ ನವೆಂಬರಿನಲ್ಲಿ ಹಾಕಿಸಿದ್ದಕ್ಕೆ ಅರ್ಧ.

ಕಟ್ಟಡದ ರಿಪೇರಿಗೆ ತೆತ್ತ ಜಿ.ಎಸ್.ಟಿ.ಗೆ ಜಮೆ ಸಿಗುವುದೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಕಟ್ಟಡದ ಬಂಡವಾಳ ಲೆಕ್ಕಕ್ಕೆ ಸೇರಿಸಿದ ಮಟ್ಟಿಗೆ ಜಮೆ ಇಲ್ಲ. ಚಾಲ್ತಿ ದುರಸ್ತಿಯೆಂದು ಖರ್ಚು ಹಾಕಿದ್ದಕ್ಕೆ, ಬಿಲ್ಲು ವ್ಯಾಪಾರದ ಹೆಸರಿನಲ್ಲಿದ್ದರೆ, ಜಮೆ ಪಡೆಯಬಹುದು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡದಲ್ಲಿ ಖರ್ಚನ್ನು ಎರಡಕ್ಕೂ ಹಂಚಬೇಕು. ಮನೆಯ ಪಾಲು ಮಾಲೀಕರ ಸ್ವಂತ ಖಾತೆಗೆ ಹೋಗುತ್ತದೆ. ಬಾಡಿಗೆ ಮಳಿಗೆಯಾದರೆ ರಿಪೇರಿ ಯಾರ ಹೊಣೆ ಎಂಬುದು ಕರಾರಿನಲ್ಲಿ ಬರೆದಿರಬೇಕು. ಬಾಡಿಗೆದಾರನು ಆ ಹೊಣೆ ಹೊತ್ತಿದ್ದರೆ ಮಾತ್ರ ಅವನ ಖರ್ಚಿಗೆ ಸ್ಪಷ್ಟ ಆಧಾರವಿರುತ್ತದೆ. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಮಾನ್ಯವಾಗದು. ಆದುದರಿಂದ ಗುತ್ತಿಗೆದಾರರಿಗೆ ಬ್ಯಾಂಕಿನ ಮೂಲಕವೇ ಪಾವತಿ ಮಾಡತಕ್ಕದ್ದು. ಅಂದಾಜು ಆದಾಯದ ಯೋಜನೆಯಲ್ಲಿ ತೆರಿಗೆ ಕಟ್ಟುವವರಿಗೆ ಈ ಖರ್ಚುಗಳ ಪ್ರತ್ಯೇಕ ಕಳೆತ ಇಲ್ಲದಿದ್ದರೂ ವಿಮೆಯ ದೃಷ್ಟಿಯಿಂದ ಬಿಲ್ಲುಗಳು ಬೇಕೇ ಬೇಕು.

ಮೇ 31ರ ಕಡತ

ಮೇಲಿನ ಎಲ್ಲದರ ಫಲ ಒಂದು ಕಡತದಲ್ಲಿ ಸೇರಬೇಕು. ಮೇ 31ರಂದು ಮಾಲು ಎಣಿಸಿ ಸಹಿ ಮಾಡಿದ ದಾಸ್ತಾನು ಪಟ್ಟಿ, ಸ್ಥಳವಾರು ಮೌಲ್ಯ ಸಹಿತ, ಮಳಿಗೆ, ಗೋದಾಮು, ಯಂತ್ರಗಳ ದಿನಾಂಕವಿರುವ ಛಾಯಾಚಿತ್ರಗಳು, ವಿಮಾ ಪಾಲಿಸಿಯ ಪ್ರತಿ ಮತ್ತು ವಿಮಾ ಸಂಸ್ಥೆಯ ದೂರವಾಣಿ ಸಂಖ್ಯೆ, ರಿಪೇರಿಯ ಬಿಲ್ಲುಗಳು, ಬಾಡಿಗೆ ಕರಾರು. ಇದರ ಒಂದು ಪ್ರತಿ ಊರ ಹೊರಗಿನ ಬಂಧುವಿನ ಮನೆಯಲ್ಲಿಯೋ ಅಂತರ್ಜಾಲದ ಸಂಗ್ರಹದಲ್ಲಿಯೋ ಇರಲಿ. ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂದು ಜಿ.ಎಸ್.ಟಿ. ಕಾನೂನು ಹೇಳುತ್ತದೆ. ಅವುಗಳನ್ನು ಕೆಳಗಿನ ಕಪಾಟಿನಿಂದ ಮೇಲಕ್ಕೆ ಸಾಗಿಸುವುದೂ ಈ ಸಿದ್ಧತೆಯ ಭಾಗವೇ.

ಅಷ್ಟಾಗಿಯೂ ನೀರು ನುಗ್ಗಿದರೆ ಮೊದಲು ಜನರ ಸುರಕ್ಷತೆ, ಆಮೇಲೆ ವಿದ್ಯುತ್ ಸಂಪರ್ಕ ಕಡಿತ. ಅನಂತರ ವಿಮಾ ಸಂಸ್ಥೆಗೆ ಕೂಡಲೇ ಸೂಚನೆ. ಸರ್ವೇಯರ್ ನೋಡುವ ಮೊದಲು ಹಾಳಾದ ಮಾಲನ್ನು ಎಸೆಯಬಾರದು. ಉಳಿಸಬಹುದಾದ ಮಾಲನ್ನು ಬೇರ್ಪಡಿಸಿ ಒಣಗಿಸುವುದು ವಿಮೆದಾರನ ಹೊಣೆಯೇ ಆಗಿದೆ. ಗೋಡೆಯ ಮೇಲೆ ನೀರು ನಿಂತ ಗುರುತಿನ ಛಾಯಾಚಿತ್ರ ತೆಗೆದಿಟ್ಟುಕೊಂಡು, ತಹಶೀಲ್ದಾರರ ಕಚೇರಿಗೂ ಲಿಖಿತ ಮಾಹಿತಿ ನೀಡಿ ಸ್ವೀಕೃತಿ ಪಡೆಯತಕ್ಕದ್ದು.

ಮಾರ್ಚ್ 31ರ ಲೆಕ್ಕವನ್ನು ನಾವು ಸರಕಾರಕ್ಕಾಗಿ ಮಾಡುತ್ತೇವೆ, ತಪ್ಪಿದರೆ ದಂಡ ತೆರುತ್ತೇವೆ. ಮೇ 31ರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಅದು ತಪ್ಪಿದಾಗ ತೆರಬೇಕಾದ ದಂಡ ಎಷ್ಟೆಂಬುದು ಮೇಲಿನ 4.64 ಲಕ್ಷದ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಸದಸ್ಯ ಬಾಂಧವರು ತಮ್ಮ ಪಾಲಿಸಿಯನ್ನು ಈ ವಾರವೇ ಹೊರತೆಗೆದು, ಅದರಲ್ಲಿರುವ ಮೊತ್ತವನ್ನೂ ವಿಳಾಸವನ್ನೂ ತಮ್ಮ ದಾಸ್ತಾನಿನೊಡನೆ ತಾಳೆ ನೋಡಬೇಕಾಗಿ ವಿನಂತಿ.